ಮತ ಗುಟ್ಟಾಗಿರಲಿ, ದೇಣಿಗೆ ಬಯಲಾಗಿರಲಿ



ಸಮಾಜ ಪಾಠದಲ್ಲಿ ನಾವೆಲ್ಲ ‘ಒಬ್ಬರಿಗೆ ಒಂದೇ ಮತ’ ಎಂದು ಓದಿದ್ದೇವೆ. ಕೂಲಿಗೆ ಹೋಗುವ ಅಮ್ಮನಿಗೂ ಒಂದೇ ಓಟು, ದೊಡ್ಡ ಕಾರ್ಖಾನೆಯ ಯಜಮಾನರಿಗೂ ಒಂದೇ ಓಟು. ಕಂಪನಿಗೆ ಅಂತೂ ಓಟೇ ಇಲ್ಲ. ಹಾಗಿದ್ದ ಮೇಲೆ ಕಂಪನಿಗಳು ರಾಜಕೀಯ ಪಕ್ಷಗಳಿಗೆ ಕೋಟಿಗಟ್ಟಲೆ ದುಡ್ಡು ಯಾಕೆ ಕೊಡುತ್ತವೆ? ಆ ದುಡ್ಡಿಗೂ ನಮ್ಮ ಓಟಿಗೂ ಏನು ಸಂಬಂಧ? ಈ ಸಂಚಿಕೆಯಲ್ಲಿ ಅದನ್ನು ತಿಳಿಯೋಣ.

ಪಕ್ಷಕ್ಕೆ ದುಡ್ಡು ಯಾಕೆ ಬೇಕು?

ಕರಪತ್ರ, ಪೆಂಡಾಲು, ಮೈಕು, ಜೀಪು, ಟೀವಿ ಜಾಹೀರಾತು ಎಲ್ಲಕ್ಕೂ ಖರ್ಚಿದೆ. ಆದ್ದರಿಂದ ಪಕ್ಷಗಳು ದೇಣಿಗೆ ಪಡೆಯುವುದೇ ತಪ್ಪು ಅಂತ ಹೇಳುವ ಹಾಗಿಲ್ಲ. ಅಭ್ಯರ್ಥಿಯ ಖರ್ಚಿಗೆ ಕಾನೂನು ಮಿತಿ ಹಾಕಿದೆ. 2022ರಲ್ಲಿ ಗೊತ್ತು ಮಾಡಿದ ಪ್ರಕಾರ ಕರ್ನಾಟಕದಂಥ ರಾಜ್ಯದಲ್ಲಿ ವಿಧಾನಸಭೆಗೆ ನಿಂತವರು 40 ಲಕ್ಷ, ಲೋಕಸಭೆಗೆ ನಿಂತವರು 95 ಲಕ್ಷ ರೂಪಾಯಿ ದಾಟಬಾರದು. ಆದರೆ ಪಕ್ಷ ಮಾಡುವ ಖರ್ಚಿಗೆ ಇಂಥ ಮಿತಿಯೇ ಇಲ್ಲ. ಹೊಲಕ್ಕೆ ಮುಂದೆ ಬೇಲಿ ಹಾಕಿ ಹಿಂದೆ ಬಿಟ್ಟ ಹಾಗೆ ಆಯಿತು.

ಇನ್ನು ಕಂಪನಿಗಳ ವಿಷಯ. ಅವುಗಳಿಗೆ ಸರ್ಕಾರದಿಂದ ಗಣಿ ಬೇಕು, ರಸ್ತೆ ಗುತ್ತಿಗೆ ಬೇಕು, ಜಮೀನು ಬೇಕು, ತೆರಿಗೆಯಲ್ಲಿ ರಿಯಾಯಿತಿ ಬೇಕು. ‘ಉಂಡ ಮನೆಗೆ ಎರಡು ಬಗೆಯಬಾರದು’ ಅನ್ನುವುದು ನಮ್ಮ ಗಾದೆ. ಅದು ಒಳ್ಳೆಯ ಗುಣವೇ. ಆದರೆ ಊರಿಗೆಲ್ಲ ನ್ಯಾಯ ಹೇಳಬೇಕಾದವರು ಒಂದೇ ಮನೆಯಲ್ಲಿ ಉಂಡರೆ? ಆ ಹಂಗು ಅವರ ಬಾಯಿ ಕಟ್ಟುತ್ತದೆ.

ಹಿಂದಿನಿಂದ ನಡೆದು ಬಂದದ್ದು

1957: ಟಾಟಾ ಉಕ್ಕಿನ ಕಂಪನಿಯು ಪಕ್ಷಗಳಿಗೆ ದೇಣಿಗೆ ಕೊಡಲು ಅನುಕೂಲವಾಗುವಂತೆ ತನ್ನ ನಿಯಮ ಬದಲಿಸಲು ಹೊರಟಿತು. ಒಬ್ಬ ಷೇರುದಾರರು ಒಪ್ಪಲಿಲ್ಲ. ಮೊಕದ್ದಮೆ ಬೊಂಬಾಯಿ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು, ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ ಎಂದರು. ಆದರೆ ಈ ಪದ್ಧತಿ ಬೆಳೆಯುತ್ತಾ ಹೋಗಿ ಕೊನೆಗೆ ಪ್ರಜಾಪ್ರಭುತ್ವದ ಕತ್ತನ್ನೇ ಹಿಸುಕಬಹುದು ಎಂದು ಎಚ್ಚರಿಸಿದರು.

1969: ಕಂಪನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದನ್ನೇ ಸಂಸತ್ತು ನಿಷೇಧಿಸಿತು.

1985: ನಿಷೇಧ ತೆಗೆದರು. ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 5ರಷ್ಟು ಮಾತ್ರ ಕೊಡಬಹುದು, ಅದನ್ನು ಲೆಕ್ಕದ ಪುಸ್ತಕದಲ್ಲಿ ತೋರಿಸಬೇಕು ಎಂದಾಯಿತು.

2013: ಹೊಸ ಕಂಪನಿ ಕಾಯಿದೆಯಲ್ಲಿ ಶೇಕಡ 5 ಹೋಗಿ ಶೇಕಡ 7.5 ಆಯಿತು.

2017: ಮಿತಿಯನ್ನೇ ತೆಗೆದುಹಾಕಿದರು. ನಷ್ಟದಲ್ಲಿರುವ ಕಂಪನಿಯೂ ಕೊಡಬಹುದು, ಯಾವ ಪಕ್ಷಕ್ಕೆ ಕೊಟ್ಟೆ ಅಂತ ಹೇಳಬೇಕಾಗಿಲ್ಲ ಎಂದಾಯಿತು. ‘ಚುನಾವಣಾ ಬಾಂಡ್’ ಎಂಬ ಹೊಸ ವ್ಯವಸ್ಥೆಗೆ ದಾರಿಯಾಯಿತು.

ಚುನಾವಣಾ ಬಾಂಡ್ ಅಂದ್ರೆ ಏನು?

2018ರ ಜನವರಿಯಲ್ಲಿ ಈ ಯೋಜನೆ ಜಾರಿಗೆ ಬಂತು. ದೇಣಿಗೆ ಕೊಡುವವರು ಸ್ಟೇಟ್ ಬ್ಯಾಂಕಿನಲ್ಲಿ ದುಡ್ಡು ಕಟ್ಟಿ ಬಾಂಡ್ ತೆಗೆದುಕೊಳ್ಳಬೇಕು. 1 ಸಾವಿರ, 10 ಸಾವಿರ, 1 ಲಕ್ಷ, 10 ಲಕ್ಷ, 1 ಕೋಟಿ ಹೀಗೆ 5 ಬಗೆ ಇದ್ದವು. 15 ದಿನದೊಳಗೆ ಪಕ್ಷವು ಅದನ್ನು ತನ್ನ ಖಾತೆಗೆ ಹಾಕಿ ನಗದು ಮಾಡಿಕೊಳ್ಳಬೇಕು. ಬಾಂಡಿನ ಮೇಲೆ ಕೊಟ್ಟವರ ಹೆಸರು ಇರುವುದಿಲ್ಲ.

ಸರ್ಕಾರ ಎರಡು ಕಾರಣ ಹೇಳಿತು. ಒಂದು, ದುಡ್ಡು ಬ್ಯಾಂಕಿನ ಮೂಲಕ ಬರುವುದರಿಂದ ಕಪ್ಪುಹಣ ಕಡಿಮೆಯಾಗುತ್ತದೆ. ಎರಡು, ಒಂದು ಪಕ್ಷಕ್ಕೆ ಕೊಟ್ಟವರ ಮೇಲೆ ಇನ್ನೊಂದು ಪಕ್ಷ ಹಗೆ ಸಾಧಿಸಬಾರದು. ಎರಡೂ ಯೋಚಿಸಬೇಕಾದ ಮಾತುಗಳೇ. ಆದರೆ ಗುಟ್ಟು ಯಾರಿಂದ? ಕೊಟ್ಟವರು ಪಕ್ಷದವರ ಕಿವಿಯಲ್ಲಿ ಹೇಳಬಹುದು. ಬಾಂಡ್ ಮಾರಿದ ಬ್ಯಾಂಕಿಗೆ ಗೊತ್ತಿರುತ್ತದೆ. ಗೊತ್ತಾಗದೆ ಉಳಿಯುವವನು ಮತದಾರ ಒಬ್ಬನೇ!

ನಮ್ಮ ಕಡೆ ಗುಡಿ ಕಟ್ಟಿಸಿದರೂ ಶಾಲೆಗೆ ಕೊಠಡಿ ಕಟ್ಟಿಸಿದರೂ ದಾನಿಗಳ ಹೆಸರು, ಕೊಟ್ಟ ಮೊತ್ತ ಗೋಡೆಯ ಮೇಲೆ ಬರೆಸುತ್ತಾರೆ. ಗಣಪತಿ ಚಂದಾಕ್ಕೂ ರಶೀದಿ ಉಂಟು. ದೇಶ ಆಳುವ ಪಕ್ಷಗಳ ಚಂದಾಕ್ಕೆ ಮಾತ್ರ ಹೆಸರು ಬೇಡವೇ?

ಸುಪ್ರೀಂ ಕೋರ್ಟಿನ ತೀರ್ಪು

2024ರ ಫೆಬ್ರವರಿ 15ರಂದು 5 ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಯೋಜನೆಯನ್ನು ಒಮ್ಮತದಿಂದ ರದ್ದು ಮಾಡಿತು. ಸಂವಿಧಾನದ 19(1)(ಎ) ವಿಧಿ ನಮಗೆ ವಾಕ್ ಸ್ವಾತಂತ್ರ್ಯ ಕೊಟ್ಟಿದೆ. ಅದರೊಳಗೇ ತಿಳಿಯುವ ಹಕ್ಕೂ ಸೇರಿದೆ, ಪಕ್ಷಕ್ಕೆ ಯಾರು ದುಡ್ಡು ಕೊಟ್ಟರೆಂದು ತಿಳಿಯದೆ ಮತದಾರ ಸರಿಯಾಗಿ ತೀರ್ಮಾನ ಮಾಡಲಾರ ಎಂದಿತು. ಕಂಪನಿಗಳಿಗೆ ಮಿತಿ ತೆಗೆದದ್ದನ್ನೂ ರದ್ದು ಮಾಡಿತು. 2019ರ ಏಪ್ರಿಲ್ 12ರಿಂದ ಮುಂದಿನ ಲೆಕ್ಕ ಬಯಲು ಮಾಡಲು ಆದೇಶಿಸಿತು. ಬ್ಯಾಂಕು ಜೂನ್ 30ರವರೆಗೆ ಸಮಯ ಕೇಳಿದರೂ ಕೊಡಲಿಲ್ಲ. ಮಾರ್ಚ್ 14ರಂದು ಚುನಾವಣಾ ಆಯೋಗ ಪಟ್ಟಿ ಪ್ರಕಟಿಸಿತು.

ಯೋಜನೆ ಇದ್ದಷ್ಟು ಕಾಲ ಮಾರಾಟವಾದ ಬಾಂಡ್ ಸುಮಾರು 16,500 ಕೋಟಿ ರೂಪಾಯಿಯದು. ಮೊತ್ತದ ಶೇಕಡ 90ಕ್ಕಿಂತ ಹೆಚ್ಚು ಭಾಗ 1 ಕೋಟಿಯ ಬಾಂಡುಗಳಿಂದಲೇ ಬಂದದ್ದು. ನಾವೇ ಒಂದು ಲೆಕ್ಕ ಮಾಡೋಣ. ದಿನಕ್ಕೆ 500 ರೂಪಾಯಿ ಕೂಲಿ ಅಂತ ಇಟ್ಟುಕೊಂಡರೆ 1 ಕೋಟಿ ಆಗಲು 20,000 ದಿನ ಬೇಕು. ಅಂದ್ರೆ ಒಂದು ದಿನವೂ ರಜೆಯಿಲ್ಲದೆ, ಒಂದು ಪೈಸೆಯೂ ಖರ್ಚು ಮಾಡದೆ 54 ವರ್ಷಕ್ಕೂ ಹೆಚ್ಚು!

ಪ್ರಕಟವಾದ ಪಟ್ಟಿಯಲ್ಲಿ ಅತಿ ಹೆಚ್ಚು ಬಾಂಡ್ ಕೊಂಡದ್ದು ಫ್ಯೂಚರ್ ಗೇಮಿಂಗ್ ಎಂಬ ಲಾಟರಿ ಕಂಪನಿ, 1,368 ಕೋಟಿ ರೂಪಾಯಿ. (ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಷೇಧವಾಯಿತು.) ಪಡೆದವರಲ್ಲಿ ಭಾರತೀಯ ಜನತಾ ಪಕ್ಷ ಮೊದಲು, ಸುಮಾರು 6,060 ಕೋಟಿ. ಆಮೇಲೆ ತೃಣಮೂಲ ಕಾಂಗ್ರೆಸ್ ಸುಮಾರು 1,600 ಕೋಟಿ, ಕಾಂಗ್ರೆಸ್ ಸುಮಾರು 1,400 ಕೋಟಿ, ತೆಲಂಗಾಣದ ಬಿ.ಆರ್.ಎಸ್. ಸುಮಾರು 1,200 ಕೋಟಿ. ಗಮನಿಸಿ: ದಿಲ್ಲಿಯಲ್ಲಾಗಲಿ ರಾಜ್ಯದಲ್ಲಾಗಲಿ ಎಲ್ಲಿ ಅಧಿಕಾರ ಇತ್ತೋ ಆ ಕಡೆಗೇ ದುಡ್ಡು ಹೆಚ್ಚು ಹರಿದಿದೆ.

ದೇಣಿಗೆ ಕೊಟ್ಟ ಮಾತ್ರಕ್ಕೆ ಕಂಪನಿ ತಪ್ಪು ಮಾಡಿದೆ ಎಂದಾಗಲಿ, ಪಕ್ಷ ಲಂಚ ತಿಂದಿದೆ ಎಂದಾಗಲಿ ಹೇಳಲು ಬರುವುದಿಲ್ಲ. ಆದರೆ ಹೆಸರು ಗೊತ್ತಿದ್ದರೆ ಮಾತ್ರ ‘ಈ ಗುತ್ತಿಗೆ ಇವರಿಗೇ ಯಾಕೆ ಸಿಕ್ಕಿತು?’ ಎಂದು ಕೇಳಬಹುದು. ಗುಟ್ಟಾಗಿದ್ದರೆ ಪ್ರಶ್ನೆಯೇ ಹುಟ್ಟುವುದಿಲ್ಲ.

ಇನ್ನೂ ಉಳಿದಿರುವುದು

ಬಾಂಡ್ ಹೋದರೂ ಕಂಪನಿ ದೇಣಿಗೆ ನಿಂತಿಲ್ಲ. ಚೆಕ್ಕು ಮತ್ತು ಚುನಾವಣಾ ಟ್ರಸ್ಟುಗಳ ಮೂಲಕ ಬರುತ್ತದೆ. 20,000 ರೂಪಾಯಿಗಿಂತ ಹೆಚ್ಚು ಕೊಟ್ಟವರ ಹೆಸರನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ತಿಳಿಸಬೇಕು. ಅದಕ್ಕಿಂತ ಕಡಿಮೆ ಕೊಟ್ಟವರ ಹೆಸರು ಕೊಡಬೇಕಾಗಿಲ್ಲ. ಇದೂ ಒಂದು ಕಿಂಡಿಯೇ.

ಕೆಲವರು ಕೇಳುತ್ತಾರೆ, ಓಟು ಗುಟ್ಟಾಗಿರಬಹುದಾದರೆ ದೇಣಿಗೆ ಯಾಕೆ ಗುಟ್ಟಾಗಿರಬಾರದು? ಉತ್ತರ ಸುಲಭ. ಓಟಿನ ಗುಟ್ಟು ಬಡವನನ್ನು ಬಲಾಢ್ಯನಿಂದ ಕಾಪಾಡುತ್ತದೆ. ಜಮೀನುದಾರರ ಹೊಲದಲ್ಲಿ ದುಡಿಯುವವನೂ ಹೆದರದೆ ತನ್ನಿಷ್ಟದಂತೆ ಓಟು ಹಾಕಬಹುದು. ಕೋಟಿ ದೇಣಿಗೆಯ ಗುಟ್ಟು ಬಲಾಢ್ಯನನ್ನು ಬಡವನ ಪ್ರಶ್ನೆಯಿಂದ ಕಾಪಾಡುತ್ತದೆ. ಎರಡೂ ಒಂದೇ ಆಗಲು ಹೇಗೆ ಸಾಧ್ಯ?

ಇನ್ನು ಕೆಲವೇ ವರ್ಷಗಳಲ್ಲಿ ನಮಗೂ 18 ತುಂಬುತ್ತದೆ. ಓಟು ಕೇಳಲು ಬಂದವರನ್ನು ರಸ್ತೆ, ನೀರು ಕೇಳುವ ಹಾಗೆಯೇ ‘ನಿಮ್ಮ ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರು?’ ಎಂದೂ ಕೇಳಬೇಕು.

ಯೋಚಿಸಿ, ಉತ್ತರ ಬರೆಯಿರಿ

1. ಅಭ್ಯರ್ಥಿಯ ಖರ್ಚಿಗೆ ಮಿತಿಯಿದ್ದು ಪಕ್ಷದ ಖರ್ಚಿಗೆ ಇಲ್ಲದಿದ್ದರೆ ಏನಾಗುತ್ತದೆ?
2. ದೇಣಿಗೆ ಕೊಟ್ಟವರ ಹೆಸರು ಚುನಾವಣೆ ಮುಗಿದ ಮೇಲೆ ತಿಳಿದರೆ ಸಾಕೇ? ಮೊದಲೇ ತಿಳಿಯಬೇಕೇ? ಯಾಕೆ?
3. ಕಂಪನಿಗಳ ದೇಣಿಗೆಯನ್ನು 1969ರ ಹಾಗೆ ಪೂರ್ತಿ ನಿಲ್ಲಿಸಿದರೆ ಪಕ್ಷಗಳಿಗೆ ದುಡ್ಡು ಎಲ್ಲಿಂದ ಬರಬೇಕು? ಮನೆಯಲ್ಲಿ ಹಿರಿಯರನ್ನೂ ಕೇಳಿ ಬರೆಯಿರಿ.