ಒಮ್ಮತಕ್ಕೆ ಬರುವ ಬಗೆ

ಹತ್ತು ಮಂದಿ ಕೂಡಿ ಆಲೋಚಿಸಿದರೆ ಒಬ್ಬನಿಗೆ ತೋರದ ದಾರಿ ತೋರೀತೆಂಬ ನಂಬಿಕೆಯಿಂದಲೇ ನಾವು ಸಭೆ ಸೇರುತ್ತೇವೆ. ಆದರೆ ಕೊನೆಯಲ್ಲಿ ಎಲ್ಲರೂ ‘ಆಗಬಹುದು’ ಎಂದ ಮಾತ್ರಕ್ಕೆ ಎಲ್ಲರ ತಿಳಿವೂ ಆ ತೀರ್ಮಾನದಲ್ಲಿ ಕೂಡಿತೆಂದು ಹೇಳಬಹುದೆ? ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಪ್ರಯೋಗದಿಂದಲೇ ಪರೀಕ್ಷಿಸಿದ್ದಾರೆ.

1950ರ ದಶಕದಲ್ಲಿ ಅಮೆರಿಕದ ಸಾಲೊಮನ್ ಆಷ್ ಅವರು ನಡೆಸಿದ ಪ್ರಯೋಗ ಬಹು ಸರಳವಾದುದು. ಏಳೆಂಟು ವಿದ್ಯಾರ್ಥಿಗಳನ್ನು ಒಟ್ಟಿಗೆ ಕುಳ್ಳಿರಿಸಿ ಎರಡು ಕಾರ್ಡುಗಳನ್ನು ತೋರಿಸುತ್ತಿದ್ದರು. ಒಂದರಲ್ಲಿ ಒಂದೇ ಗೆರೆ. ಇನ್ನೊಂದರಲ್ಲಿ ಬೇರೆ ಬೇರೆ ಉದ್ದದ ಮೂರು ಗೆರೆಗಳು. ಮೊದಲನೆಯದಕ್ಕೆ ಸಮನಾದುದು ಯಾವುದೆಂದು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಬೇಕು. ಒಬ್ಬನ ಹೊರತು ಉಳಿದವರೆಲ್ಲ ಪ್ರಯೋಗಕಾರರ ಕಡೆಯವರು. ಅವರು ಮೊದಲೇ ಗೊತ್ತುಮಾಡಿಕೊಂಡಂತೆ ಅನೇಕ ಸಲ ತಪ್ಪು ಗೆರೆಯನ್ನೇ ಒಕ್ಕೊರಲಿನಿಂದ ಹೆಸರಿಸುತ್ತಿದ್ದರು. ಏಕಾಂತದಲ್ಲಿ ನೂರಕ್ಕೊಂದು ಸಲವೂ ತಪ್ಪಾಗದ ಈ ಕೆಲಸದಲ್ಲಿ, ಹೀಗೆ ಗುಂಪಿನ ಒತ್ತಡಕ್ಕೆ ಸಿಲುಕಿದ 123 ಮಂದಿಯ ಉತ್ತರಗಳು ನೂರಕ್ಕೆ ಸುಮಾರು 37ರಷ್ಟು ತಪ್ಪಾದವು! ಗುಂಪಿನಲ್ಲಿ ಮತ್ತೊಬ್ಬನು ಸರಿಯುತ್ತರ ಹೇಳಿದಾಗಲಾದರೋ, ತಪ್ಪುಗಳು ಕಾಲುಭಾಗಕ್ಕೆ ಇಳಿದವು.

ಇನ್ನೊಂದು ತೊಡಕನ್ನು 1985ರಲ್ಲಿ ಸ್ಟ್ಯಾಸರ್ ಮತ್ತು ಟೈಟಸ್ ಎಂಬವರು ತೋರಿಸಿಕೊಟ್ಟರು. ಮೂವರು ಅಭ್ಯರ್ಥಿಗಳಲ್ಲಿ ಉತ್ತಮನನ್ನು ಆರಿಸುವ ಕೆಲಸವನ್ನು ನಾಲ್ವರ ಗುಂಪುಗಳಿಗೆ ವಹಿಸಲಾಗಿತ್ತು. ಎಲ್ಲ ವಿವರಗಳೂ ಎಲ್ಲರಿಗೂ ದೊರೆತಿದ್ದ ಗುಂಪುಗಳು ಬಹುಮಟ್ಟಿಗೆ ಸರಿಯಾಗಿ ಆರಿಸಿದವು. ಅವೇ ವಿವರಗಳನ್ನು ಒಬ್ಬೊಬ್ಬರಿಗೆ ಒಂದೊಂದು ಭಾಗವಾಗಿ ಹಂಚಿದ್ದಲ್ಲಿ ಹೆಚ್ಚಿನ ಗುಂಪುಗಳು ಉತ್ತಮನನ್ನು ಕೈಬಿಟ್ಟವು. ಎಲ್ಲರಿಗೂ ಗೊತ್ತಿದ್ದುದನ್ನೇ ಮಾತನಾಡುತ್ತ, ಒಬ್ಬನಿಗಷ್ಟೇ ಗೊತ್ತಿದ್ದುದನ್ನು ಹೊರಗೆಡಹದೆ ಹೋಗುವುದು ಗುಂಪುಗಳ ಸ್ವಭಾವ.

ಹಾಗಾದರೆ ಸಭೆಯನ್ನು ನಡೆಸುವವನು ಮಾಡಬೇಕಾದುದೇನು? ಮೊದಲನೆಯದಾಗಿ, ತೀರ್ಮಾನಿಸಬೇಕಾದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹಲಗೆಯ ಮೇಲೆ ಬರೆಯಬೇಕು. ಎರಡನೆಯದಾಗಿ, ಮಾತು ತೊಡಗುವ ಮುನ್ನವೇ ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನೂ ಅದರ ಕಾರಣವನ್ನೂ ಚೀಟಿಯಲ್ಲಿ ಬರೆದಿಡುವಂತೆ ಮಾಡಬೇಕು. ಮೂರನೆಯದಾಗಿ, ‘ಉಳಿದವರಿಗೆ ತಿಳಿಯದ ಯಾವ ಸಂಗತಿ ನಿಮಗೆ ತಿಳಿದಿದೆ?’ ಎಂದು ಕಿರಿಯರಿಂದ ಮೊದಲುಗೊಂಡು ಒಬ್ಬೊಬ್ಬರನ್ನೂ ಕೇಳಬೇಕು. ಶಾಲೆಯ ಪ್ರವಾಸದ ಮಾತು ಬಂದಾಗ, ಆ ಊರಿಗೆ ಸಂಜೆಯ ಮೇಲೆ ಬಸ್ಸಿಲ್ಲವೆಂಬುದು ಒಬ್ಬನಿಗೆ ಮಾತ್ರ ಗೊತ್ತಿರಬಹುದು; ಗೆಳತಿಯೊಬ್ಬಳಿಗೆ ಖರ್ಚು ಹೊರೆಯಾದೀತೆಂಬುದು ಇನ್ನೊಬ್ಬಳಿಗಷ್ಟೇ ತಿಳಿದಿರಬಹುದು. ನಾಲ್ಕನೆಯದಾಗಿ, ನಡೆಸುವವನು ತನ್ನ ಅಭಿಪ್ರಾಯವನ್ನು ಎಲ್ಲರ ಬಳಿಕ ಹೇಳಬೇಕು.

ಮೌನವೇ ಸಮ್ಮತಿ ಎಂಬ ಗಾದೆಯನ್ನು ಸಭೆಯಲ್ಲಿ ನೆಚ್ಚುವಂತಿಲ್ಲ. 1986ರ ಜನವರಿ 27ರ ರಾತ್ರಿ ಅಮೆರಿಕದ ‘ಚಾಲೆಂಜರ್’ ವ್ಯೋಮನೌಕೆಯ ಉಡಾವಣೆಯ ಬಗ್ಗೆ ದೂರವಾಣಿಯಲ್ಲಿ ಸಮಾಲೋಚನೆ ನಡೆಯಿತು. ಚಳಿಗೆ ರಾಕೆಟ್ಟಿನ ಕೀಲುಗಳ ರಬ್ಬರು ಉಂಗುರಗಳು ಪೆಡಸಾಗುವುವೆಂದು ಎಂಜಿನಿಯರುಗಳು ಎಚ್ಚರಿಸಿದರು. ಆದರೆ ಕಂಪನಿಯ ಮೇಲಧಿಕಾರಿಗಳು ತಮ್ಮೊಳಗೇ ಮತ ಎಣಿಸಿ ಒಪ್ಪಿಗೆಯಿತ್ತರು. ಕೊನೆಗೆ ಯಾರಿಗಾದರೂ ಭಿನ್ನಾಭಿಪ್ರಾಯವುಂಟೆ ಎಂದು ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಮರುದಿನ, ಮೇಲೇರಿದ 73 ಸೆಕೆಂಡುಗಳಲ್ಲಿ ನೌಕೆ ಛಿದ್ರವಾಗಿ ಅದರಲ್ಲಿದ್ದ ಏಳು ಮಂದಿಯೂ ಮಡಿದರು. ಆದುದರಿಂದ ಆಕ್ಷೇಪವೆತ್ತಿದವನನ್ನು ಹೆಸರು ಹಿಡಿದು, ‘ನಿಮ್ಮ ಸಂದೇಹ ತೀರಿತೆ? ಯಾವುದರಿಂದ ತೀರಿತು?’ ಎಂದು ಕೇಳದೆ ಸಭೆ ಮುಗಿಸಬಾರದು. ಒಮ್ಮತ ಕೂಡಿಬಾರದಿದ್ದಲ್ಲಿ ಮತ ತೆಗೆದುಕೊಂಡು, ಒಪ್ಪದವರ ಕಾರಣಗಳನ್ನೂ ನಡವಳಿಯ ಪುಸ್ತಕದಲ್ಲಿ ಬರೆಯಬೇಕು.

ವಾಚಕರು ತಮ್ಮ ವಿಜ್ಞಾನ ಸಂಘದ ಮುಂದಿನ ಸಭೆಯಲ್ಲಿ ಇದನ್ನು ತಾವೇ ಪರೀಕ್ಷಿಸಬಹುದು. ತೀರ್ಮಾನವಾದ ಮೇಲೆ ಚೀಟಿಗಳನ್ನು ಬಿಡಿಸಿ ಓದಿರಿ. ಚೀಟಿಯಲ್ಲಿದ್ದು ಸಭೆಯ ಮಾತಿನಲ್ಲಿ ಬಾರದೆ ಉಳಿದ ಕಾರಣಗಳೆಷ್ಟೆಂದು ಎಣಿಸಿರಿ. ಅಂತಹವು ಸಿಕ್ಕಿದರೆ ತೀರ್ಮಾನವನ್ನು ಮತ್ತೊಮ್ಮೆ ಚರ್ಚೆಗೆ ತೆಗೆದುಕೊಳ್ಳುವುದೇ ಲೇಸು.