ಆರೋಗ್ಯ ಪ್ರಶ್ನೋತ್ತರ: ಇಪ್ಪತ್ತು ವರ್ಷದ ಚಹಾ, ಏಳುನೂರು ರೂಪಾಯಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 63. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬ ಜಾಹೀರಾತು ನಂಬಿ ‘20 ವರ್ಷ ಹಳೆಯ’ ಚೀನಾದ ಪುಎರ್ ಚಹಾದ ಬಿಲ್ಲೆಯನ್ನು ಆನ್‌ಲೈನ್‌ನಲ್ಲಿ 700 ರೂಪಾಯಿಗೆ ತರಿಸಿದೆ. ಕುದಿಸಿದರೆ ತೊಯ್ದ ಗೋಣಿಚೀಲದ ವಾಸನೆ, ಕುಡಿದರೆ ಗಂಟಲು ಕೆರೆತ. ಅಲ್ಲಲ್ಲಿ ಬಿಳಿ ಚುಕ್ಕೆಗಳೂ ಇವೆ. ಹಳೆಯ ಚಹಾ ಇರುವುದೇ ಹೀಗೆ ಎನ್ನುತ್ತಾರೆ ಮಾರಿದವರು. ನಾಲ್ಕೈದು ಸಲ ಕುಡಿದಿದ್ದೇನೆ. ತೊಂದರೆ ಆದೀತೇ? ಕೊಲೆಸ್ಟ್ರಾಲ್ ಗುಳಿಗೆ ನಿಲ್ಲಿಸಬಹುದೇ?
– ಓದುಗರು, ಬೈಲಹೊಂಗಲ

ಉತ್ತರ: ಮೊದಲು ಗುಳಿಗೆಯ ಮಾತು. ನಿಲ್ಲಿಸಬೇಡಿ. ಪುಎರ್ ಕೊಲೆಸ್ಟ್ರಾಲ್ ಇಳಿಸುತ್ತದೆ ಎನ್ನುವ ಅಧ್ಯಯನಗಳಲ್ಲಿ ಬಹುಪಾಲು ಇಲಿಗಳ ಮೇಲೆ ನಡೆದವು. ಮನುಷ್ಯರ ಮೇಲಿನವು ಚಿಕ್ಕವು. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಗುಳಿಗೆ ಹೃದಯಾಘಾತ ತಪ್ಪಿಸುತ್ತದೆ ಎಂಬುದಕ್ಕೆ ಸಾವಿರಾರು ರೋಗಿಗಳ ಮೇಲೆ ವರ್ಷಗಟ್ಟಲೆ ನಡೆದ ಪರೀಕ್ಷೆಗಳ ಆಧಾರವಿದೆ. ಚಹಾಕ್ಕೆ ಅಂಥ ಆಧಾರವಿಲ್ಲ.

ಇನ್ನು ಬಿಲ್ಲೆ. ಪುಎರ್ ಯುನ್ನಾನ್ ಪ್ರಾಂತ್ಯದ ಚಹಾ. ಎಲೆಯನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಒತ್ತಿ, ಗಾಳಿಯಾಡುವ ಕೋಣೆಯಲ್ಲಿ ವರ್ಷಾನುಗಟ್ಟಲೆ ಇಟ್ಟರೆ ಅದು ನಿಧಾನವಾಗಿ ಕಪ್ಪಾಗುತ್ತ ಒಗರು ಕಳೆದುಕೊಳ್ಳುತ್ತದೆ. ಅಷ್ಟು ವರ್ಷ ಕಾಯುವುದು ಬೇಡವೆಂದು 1973ರಲ್ಲಿ ಕುನ್‌ಮಿಂಗ್‌ನ ಕಾರ್ಖಾನೆಯಲ್ಲಿ ಬೇರೆ ದಾರಿ ಹುಡುಕಿದರು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಒಂದೂವರೆ ಎರಡು ತಿಂಗಳಲ್ಲೇ ಕಪ್ಪಾಗಿಸುವ ವಿಧಾನ ಅದು. ಆ ಚಹಾ ಕೆಟ್ಟದ್ದಲ್ಲ. ಆದರೆ ಮೊನ್ನೆ ಹೀಗೆ ಮಾಡಿದ್ದಕ್ಕೆ ಇಪ್ಪತ್ತು ವರ್ಷದ ಚೀಟಿ ಅಂಟಿಸಿದರೆ ಬಣ್ಣ ನೋಡಿ ಯಾರೂ ಪತ್ತೆ ಹಚ್ಚಲಾರರು. ನಿಜಕ್ಕೂ ಅಷ್ಟು ಕಾಲ ಜೋಪಾನ ಮಾಡಿದ ಬಿಲ್ಲೆಗೆ ಚೀನಾದಲ್ಲೇ ಸಾವಿರಗಟ್ಟಲೆ ಬೆಲೆ. ಸಾಗಣೆ, ಸುಂಕ ಎಲ್ಲ ಸೇರಿ ಅದು 700 ರೂಪಾಯಿಗೆ ನಿಮ್ಮ ಮನೆಗೆ ಬರುವುದಿಲ್ಲ. ಇನ್ನು ಕೆಲವರು ಬೇಗ ಹಳೆಯದಾಗಲೆಂದು ತೇವದ ಗೋದಾಮಿನಲ್ಲಿ ಇಡುತ್ತಾರೆ. ಬೂಷ್ಟು ಹಿಡಿಯುವುದು ಅಲ್ಲಿ.

ಎಲೆಯ ಮೊಗ್ಗಿನ ಮೇಲೆ ಸಹಜವಾಗಿಯೇ ಬಿಳಿ ರೋಮವಿರುತ್ತದೆ. ಅದು ಎಲೆಗೆ ಅಂಟಿ ಮಲಗಿರುತ್ತದೆ, ಮುಟ್ಟಿದರೆ ಏಳುವುದಿಲ್ಲ. ಬೂಷ್ಟು ಎಳೆ ಎಳೆಯಾಗಿ ಎಲೆಯಿಂದ ಎಲೆಗೆ ಹಬ್ಬಿರುತ್ತದೆ, ಬೆರಳು ತಾಗಿದರೆ ಪುಡಿ ಹಾರುತ್ತದೆ. ಚೆನ್ನಾಗಿ ಹಳತಾದ ಪುಎರ್‌ಗೆ ಮಣ್ಣಿನ, ಹಳೆ ಕಟ್ಟಿಗೆಯ ವಾಸನೆ ಇರುತ್ತದೆಯೇ ಹೊರತು ಮುಗ್ಗಲು ವಾಸನೆಯಲ್ಲ. ನೀವು ಬರೆದಿರುವ ವಾಸನೆ, ಕೆರೆತ, ಚುಕ್ಕೆ ಮೂರನ್ನೂ ಸೇರಿಸಿ ನೋಡಿದರೆ ಆ ಬಿಲ್ಲೆಯನ್ನು ಕುಡಿಯಲು ಬಳಸಬಾರದು. ಎಲ್ಲ ಬೂಷ್ಟೂ ವಿಷವಲ್ಲ, ಆದರೆ ಯಾವುದು ವಿಷ ಎಂದು ಕಣ್ಣಿಗೆ ತಿಳಿಯದು. ಕುದಿಸಿದರೆ ಬೂಷ್ಟು ಸಾಯುತ್ತದೆ, ಅದು ಬಿಟ್ಟ ವಿಷ ಉಳಿಯುತ್ತದೆ. ತೊಯ್ದ ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಕುದಿಯುವ ನೀರಿನ ಶಾಖಕ್ಕೆ ಜಗ್ಗುವುದಿಲ್ಲ ಎಂಬುದು ನೆನಪಿರಲಿ.

ನಾಲ್ಕೈದು ಲೋಟ ಕುಡಿದದ್ದರಿಂದ ಸಾಮಾನ್ಯವಾಗಿ ಏನೂ ಆಗದು, ಗಾಬರಿ ಬೇಡ. ವಾಂತಿ, ಉಬ್ಬಸ, ಕಣ್ಣು ಹಳದಿಯಾಗುವುದು ಕಂಡರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಅಗ್ಗದ ಒತ್ತಿದ ಚಹಾದ ಇನ್ನೊಂದು ತೊಡಕು ಫ್ಲೋರೈಡ್. ಚಹಾ ಗಿಡ ಮಣ್ಣಿನ ಫ್ಲೋರೈಡ್ ಹೀರಿ ಬಲಿತ ಎಲೆಯಲ್ಲಿ ಕೂಡಿಡುತ್ತದೆ. ಅಗ್ಗದ ಇಟ್ಟಿಗೆ ಚಹಾಕ್ಕೆ ಬಳಸುವುದು ಆ ಬಲಿತ ಎಲೆ ಮತ್ತು ಕಡ್ಡಿಯನ್ನೇ. ಟಿಬೆಟ್, ಒಳ ಮಂಗೋಲಿಯಾದಲ್ಲಿ ಅದನ್ನು ದಿನವೂ ಕುಡಿದವರ ಹಲ್ಲು ಮೂಳೆಗಳಿಗೆ ಫ್ಲೋರೋಸಿಸ್ ಬಂದದ್ದು ದಾಖಲಾಗಿದೆ. ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರಿನವರು ಈ ಚಹಾದ ತಂಟೆಗೇ ಹೋಗಬಾರದು. ನೀರಿಗೆ ನಿಗದಿಯಾದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ.

ಪ್ರಶ್ನೆ: ಸಂತೆಯ ಬಿಡಿ ಚಹಾಪುಡಿ ಅಗ್ಗ, ಬಣ್ಣವೂ ಕಡುಕೆಂಪು ಬಿಡುತ್ತದೆ. ನನ್ನ ಹಿಮೋಗ್ಲೋಬಿನ್ 8.5. ಕಬ್ಬಿಣದ ಗುಳಿಗೆ ನುಂಗಿದರೂ ಏರುತ್ತಿಲ್ಲ.
– ಓದುಗರು, ರಾಮದುರ್ಗ

ಉತ್ತರ: ಗುಳಿಗೆಯನ್ನು ಚಹಾದ ಜೊತೆ ನುಂಗುತ್ತೀರಾ? ಹಾಗಿದ್ದರೆ ಕಾರಣ ಅದೇ ಇರಬಹುದು. ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ದೇಹಕ್ಕೆ ದಕ್ಕಲು ಬಿಡುವುದಿಲ್ಲ. ಊಟಕ್ಕೂ ಗುಳಿಗೆಗೂ ಹಿಂದೆ ಮುಂದೆ ಒಂದೆರಡು ತಾಸು ಚಹಾ ಬೇಡ. ಗುಳಿಗೆಯ ಜೊತೆ ಲಿಂಬೆ ಶರಬತ್ತು ಒಳ್ಳೆಯದು. ಮುಟ್ಟಿನ ರಕ್ತಸ್ರಾವ ಹೆಚ್ಚಿದ್ದರೆ, ಹೊಟ್ಟೆಯಲ್ಲಿ ಹುಳು ಇದ್ದರೆ ಅದಕ್ಕೂ ಚಿಕಿತ್ಸೆ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ.

ಪುಡಿಯನ್ನು ಮನೆಯಲ್ಲೇ ಪರೀಕ್ಷಿಸಿ. ಬಿಳಿ ಸೋಸುಕಾಗದದ ಮೇಲೆ ಒಂದು ಚಿಟಿಕೆ ಹರಡಿ, ನೀರು ಚಿಮುಕಿಸಿ ಕಾಗದ ತೋಯಿಸಿ. ಸ್ವಲ್ಪ ಹೊತ್ತು ಬಿಟ್ಟು ಪುಡಿ ತೆಗೆದು ಕಾಗದವನ್ನು ನಲ್ಲಿಯಡಿ ಹಿಡಿಯಿರಿ. ಒಳ್ಳೆಯ ಪುಡಿ ಕಲೆ ಉಳಿಸುವುದಿಲ್ಲ, ಬಣ್ಣ ಬೆರೆಸಿದ್ದು ಗೆರೆ ಗೆರೆಯಾಗಿ ಉಳಿಸುತ್ತದೆ. ಚಹಾಪುಡಿಗೆ ಬಣ್ಣ ಸೇರಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿ, ಗೋಬಿ ಮಂಚೂರಿಯಲ್ಲಿ ರೋಡಮೈನ್-ಬಿ ಎಂಬ ಬಣ್ಣವನ್ನು ನಿಷೇಧಿಸಿದ್ದು ಎಲ್ಲರಿಗೂ ಗೊತ್ತು. ದಿನಕ್ಕೆ ಮೂರ್ನಾಲ್ಕು ಸಲ ಕುಡಿಯುವ ಚಹಾದ ಬಗ್ಗೆ ಅಷ್ಟೇ ಎಚ್ಚರ ಬೇಕು.

ಪ್ರಶ್ನೆ: ತೂಕ ಇಳಿಸುವ ‘ಚೀನೀ ಸ್ಲಿಮ್ಮಿಂಗ್ ಟೀ’ಯಿಂದ ಮಗಳಿಗೆ ದಿನವೂ ಭೇದಿ, ಎದೆ ಬಡಿತ.
– ಓದುಗರು, ಸವದತ್ತಿ

ಉತ್ತರ: ಇವತ್ತೇ ನಿಲ್ಲಿಸಿ. ಇಂಥವುಗಳಲ್ಲಿ ಸೋನಾಮುಖಿಯಂಥ ಭೇದಿ ಔಷಧ ಇರುವುದುಂಟು. ಇಳಿಯುವುದು ನೀರು, ಕೊಬ್ಬಲ್ಲ. ಪೊಟ್ಯಾಸಿಯಂ ಕುಸಿದರೆ ಹೃದಯದ ಲಯ ತಪ್ಪುತ್ತದೆ. ಭಾರತದಲ್ಲಿ 2011ರಲ್ಲೇ ನಿಷೇಧವಾದ ಸಿಬುಟ್ರಮಿನ್ ಎಂಬ ತೂಕ ಇಳಿಸುವ ಔಷಧ ಕೂಡ ಹೊರದೇಶಗಳಲ್ಲಿ ಸ್ಲಿಮ್ಮಿಂಗ್ ಉತ್ಪನ್ನಗಳಲ್ಲಿ ಸಿಕ್ಕಿದೆ. ಇಸಿಜಿ, ರಕ್ತದ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ. ಪೊಟ್ಟಣವನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಇಂಥ ಮೋಸವಾದರೆ ಎಲ್ಲಿ ದೂರಬೇಕು?
– ಓದುಗರು, ಕಿತ್ತೂರು

ಉತ್ತರ: ಪೊಟ್ಟಣದ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ, ಆಮದುದಾರರ ಹೆಸರು ವಿಳಾಸ ಇಲ್ಲದಿದ್ದರೆ ಅದೇ ಮೊದಲ ದೂರು. 2020ರ ಇ-ಕಾಮರ್ಸ್ ನಿಯಮದಂತೆ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ತಾಸಿನೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥಪಡಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಡಿ ಪುಡಿಯ ಬಗ್ಗೆ ಆಹಾರ ಸುರಕ್ಷತಾಧಿಕಾರಿಗೆ ತಿಳಿಸಿ. ಬಿಲ್ ಮತ್ತು ಉಳಿದ ಚಹಾವನ್ನು ದೂರು ಮುಗಿಯುವ ತನಕ ಎಸೆಯಬೇಡಿ. ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಅಡುಗೆಮನೆಯಿಂದ ದೂರ ಇಡಿ.