ಮಾತ್ರೆ ನಿಲ್ಲಿಸಿದರೂ ಮುಟ್ಟು ಬಂದಿಲ್ಲವೇ?

ಗೃಹಪ್ರವೇಶ, ವರಮಹಾಲಕ್ಷ್ಮಿ ವ್ರತ, ತಿರುಪತಿ ಯಾತ್ರೆ ಹತ್ತಿರ ಬಂತೆಂದರೆ ಮೆಡಿಕಲ್ ಶಾಪ್‌ನಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿಕೊಳ್ಳುವುದು ನಮ್ಮಲ್ಲಿ ಮಾಮೂಲಾಗಿದೆ. ಕಾರ್ಯ ಮುಗಿದು, ಮಾತ್ರೆ ನಿಲ್ಲಿಸಿ ವಾರವಾದರೂ ಮುಟ್ಟು ಬರದಿದ್ದಾಗ ಹಲವರು ಅದೇ ಅಂಗಡಿಗೆ ಹೋಗಿ ಮುಟ್ಟು ಬರಿಸುವ ಮಾತ್ರೆ ಕೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದಕ್ಕೂ ಮೊದಲು ಆಗಬೇಕಾದ ಕೆಲಸಗಳಿವೆ.

ಸ್ಟ್ರಿಪ್ ನೋಡಿ, ದಿನ ಎಣಿಸಿ

ನುಂಗಿದ ಔಷಧಿ ಯಾವುದು ಎಂಬುದರ ಮೇಲೆ ಎಷ್ಟು ದಿನ ಕಾಯಬಹುದು ಎಂಬುದು ನಿಂತಿದೆ. ಮುಂದೂಡಲು ಕೊಡುವ ನಾರೆಥಿಸ್ಟೆರಾನ್ ನಿಲ್ಲಿಸಿದ ಎರಡು–ಮೂರು ದಿನಕ್ಕೆ ಸಾಮಾನ್ಯವಾಗಿ ಸ್ರಾವ ಶುರುವಾಗುತ್ತದೆ. ಕೆಲವರಿಗೆ ವಾರ ಹಿಡಿಯಬಹುದು. ನಿಂತ ಮುಟ್ಟು ಬರಿಸಲು ವೈದ್ಯರು 5ರಿಂದ 10 ದಿನ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಆದರೆ ಎರಡು ವಾರದವರೆಗೆ ನೋಡಬಹುದು. ತುರ್ತು ಗರ್ಭನಿರೋಧಕ ಮಾತ್ರೆ ನುಂಗಿದವರಿಗೆ ಆ ತಿಂಗಳ ಮುಟ್ಟು ಕೆಲವು ದಿನ ಹಿಂದುಮುಂದಾಗುವುದುಂಟು. ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಕೊಳ್ಳಲೇಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದಿನ ವಿಷಯ ಬೇರೆ. ಅದನ್ನು ಪಡೆಯುವಾಗ ಮುಟ್ಟು ಏರುಪೇರಾಗುವುದು, ಪೂರ್ತಿ ನಿಲ್ಲುವುದು ಔಷಧಿಯದೇ ಪರಿಣಾಮ. ಬಿಟ್ಟ ಮೇಲೂ ಮುಟ್ಟು ಮೊದಲಿನಂತಾಗಲು ಹಲವು ತಿಂಗಳು ಬೇಕಾಗಬಹುದು.

ಮೂತ್ರ ಪರೀಕ್ಷೆ

ನಾರೆಥಿಸ್ಟೆರಾನ್ ನುಂಗುತ್ತಿದ್ದೆ, ಗರ್ಭ ನಿಲ್ಲಲು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಮುಟ್ಟು ಮುಂದೂಡಲು ನುಂಗುವ ಈ ಮಾತ್ರೆ ಗರ್ಭನಿರೋಧಕವೆಂದು ನಂಬುವಂಥದ್ದಲ್ಲ. ಹಾಗಾಗಿ ಮೊದಲು ಗರ್ಭ ಪರೀಕ್ಷೆಯಾಗಲಿ. ಕಿಟ್ ಅಂಗಡಿಯಲ್ಲಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ಕೇಳಬಹುದು. ಬೆಳಗಿನ ಮೊದಲ ಮೂತ್ರದಲ್ಲಿ ಮಾಡಿ. ‘ಇಲ್ಲ’ ಎಂದು ಬಂದು, ಮುಟ್ಟೂ ಬರದಿದ್ದರೆ ಒಂದು ವಾರ ಬಿಟ್ಟು ಮತ್ತೆ ಮಾಡಿ. ಕೊನೆಯ ಸಂಭೋಗವಾಗಿ ಮೂರು ವಾರ ಆಗುವ ಮೊದಲು ಬಂದ ‘ಇಲ್ಲ’ವನ್ನು ಅಂತಿಮವೆಂದು ತಿಳಿಯಬೇಡಿ.

ಮಕ್ಕಳಾಗಲು ಚಿಕಿತ್ಸೆ ಪಡೆಯುತ್ತಿರುವವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಅಂಡ ಬಿಡುಗಡೆಗೆಂದು ಹಾಕಿದ ಎಚ್‌ಸಿಜಿ ಇಂಜೆಕ್ಷನ್‌ನಿಂದ ಗರ್ಭವಿಲ್ಲದಿದ್ದರೂ ಕಿಟ್‌ನಲ್ಲಿ ಎರಡು ಗೆರೆ ಮೂಡಬಹುದು. ವೈದ್ಯರು ಹೇಳಿದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಪ್ರೊಜೆಸ್ಟೆರಾನನ್ನು ನೀವಾಗಿ ನಿಲ್ಲಿಸಬೇಡಿ.

ಇವು ಕಂಡರೆ ಕಾಯಬಾರದು

ಕಿಬ್ಬೊಟ್ಟೆಯ ಒಂದು ಬದಿ ತೀವ್ರ ನೋವು, ತಲೆಸುತ್ತಿ ಬೀಳುವುದು, ಭುಜದ ತುದಿಯಲ್ಲಿ ನೋವು – ಗರ್ಭನಾಳದಲ್ಲಿ ಗರ್ಭ ನಿಂತಿರಬಹುದು. ಅದು ಒಡೆದರೆ ಜೀವಕ್ಕೇ ಅಪಾಯ. ಒಂದೇ ಕಾಲು ಊದಿ ನೋಯುವುದು, ಎದೆನೋವು, ಏಕಾಏಕಿ ಉಸಿರುಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಆಗಿರಬಹುದು. ಅಪರೂಪವಾದರೂ ಹಾರ್ಮೋನ್ ಮಾತ್ರೆ ನುಂಗಿದವರಲ್ಲಿ ಇದು ಕಾಣಿಸುತ್ತದೆ. 108ಕ್ಕೆ ಕರೆ ಮಾಡಿ, ರಾತ್ರಿಯಾದರೂ ಹೊರಡಿ.

ವೈದ್ಯರ ಮುಂದೆ

ಖಾಲಿ ಸ್ಟ್ರಿಪ್, ಹಳೆಯ ಚೀಟಿ ಜೊತೆಗಿರಲಿ. ಕಳೆದ ಮುಟ್ಟಿನ ಮೊದಲ ದಿನ, ಮಾತ್ರೆ ಶುರು ಮಾಡಿದ ದಿನ, ಬಿಟ್ಟ ದಿನ – ಮೂರನ್ನೂ ಬರೆದುಕೊಂಡು ಹೋಗಿ. ಬೇರೆ ಮಾತ್ರೆಗಳನ್ನೂ ಹೇಳಿ: ವಾಂತಿಗೆ ಕೊಡುವ ಡೊಂಪೆರಿಡೋನ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ಪ್ರೊಲ್ಯಾಕ್ಟಿನ್ ಹೆಚ್ಚಿಸಿ ಮುಟ್ಟು ನಿಲ್ಲಿಸಬಲ್ಲವು. ಮೊಲೆಯಿಂದ ಹಾಲಿನಂಥ ದ್ರವ, ದೃಷ್ಟಿ ಮಂಜು, ಮುಖದ ಮೇಲೆ ಕೂದಲು, ತೂಕದ ಏರಿಳಿತ ಇದ್ದರೆ ಕೇಳುವ ಮೊದಲೇ ತಿಳಿಸಿ. ಸಾಮಾನ್ಯವಾಗಿ ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್ ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ಬರೆದುಕೊಡುತ್ತಾರೆ.

ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದು ಮಾತು. ಅಮ್ಮ ಪಕ್ಕದಲ್ಲಿ ಕೂತಾಗ ಹೇಳಲಾಗದ್ದಿದ್ದರೆ ‘ಡಾಕ್ಟರ್ ಜೊತೆ ಒಬ್ಬಳೇ ಮಾತಾಡಬೇಕು’ ಎಂದು ಕೇಳಿ, ಸತ್ಯವನ್ನೇ ಹೇಳಿ. ಹೆದರಿ ಗರ್ಭಪಾತದ ಮಾತ್ರೆಯನ್ನು ಗುಟ್ಟಾಗಿ ತರಿಸಿ ನುಂಗುವುದು ಬಹಳ ಅಪಾಯ. ಸುರಕ್ಷಿತ ಗರ್ಭಪಾತಕ್ಕೆ ಕಾನೂನಿನಲ್ಲೇ ದಾರಿಯಿದೆ, ಅದು ಮದುವೆಯಾಗದವರಿಗೂ ಅನ್ವಯಿಸುತ್ತದೆ.

ಮತ್ತೆ ಹೋಗುವುದು ಯಾವಾಗ?

ಮಾತ್ರೆಯಿಂದ ಸ್ರಾವವಾದ ಮಾತ್ರಕ್ಕೆ ಕಾರಣ ನಿವಾರಣೆಯಾಯಿತು ಎಂದಲ್ಲ. ಪಿಸಿಓಡಿ ಇರುವವರಲ್ಲಿ ಮುಟ್ಟು ಬಹುಕಾಲ ನಿಂತರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ. ಕೋರ್ಸ್ ಮುಗಿಸಿ ಎರಡು ವಾರವಾದರೂ ಸ್ರಾವ ಬರದಿದ್ದರೆ ಅದೇ ಮಾತ್ರೆಯನ್ನು ಮತ್ತೆ ನುಂಗದೆ ಚೀಟಿ ಹಿಡಿದು ವಾಪಸ್ ಹೋಗಿ. ಗರ್ಭವಿಲ್ಲ ಎಂದು ಗೊತ್ತಿದ್ದರೂ, ಮೊದಲು ಸರಿಯಾಗಿ ಮುಟ್ಟಾಗುತ್ತಿದ್ದವರಿಗೆ ಮೂರು ತಿಂಗಳು ಮುಟ್ಟಿಲ್ಲವೆಂದರೆ ತಪಾಸಣೆ ಆಗಲೇಬೇಕು. ಪಪ್ಪಾಯಿ, ಎಳ್ಳುಬೆಲ್ಲದಲ್ಲಿ ಆ ಸಮಯ ಕಳೆಯಬೇಡಿ.

ಹಬ್ಬಕ್ಕೆಂದು ಮಾತ್ರೆ ತಂದುಕೊಡುವ ಮನೆಯವರು, ಮುಟ್ಟು ತಡವಾದಾಗ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನೂ ಹೊರಲಿ.